ನಾಲಿಗೆಗೆ ಸಿಕ್ಕ ತಪ್ಪುಗಳು

ಸಾರು ಕುದಿಸಿದವಳು ಬಡಿಸುವ ಮೊದಲು ಒಂದು ಹನಿಯನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿ ನೋಡುತ್ತಾಳೆ. ಉಪ್ಪು ಹೆಚ್ಚಾಗಿದ್ದರೆ ಆಗುವುದಾದರೂ ಏನು? ಉಣ್ಣುವವರು ಮುಖ ಕಿವುಚಿಯಾರು, ಅಷ್ಟೇ. ಅಷ್ಟಕ್ಕೇ ಇಷ್ಟೊಂದು ಕಾಳಜಿ. ಆದರೆ ಆಪರೇಷನ್ ಥಿಯೇಟರಿನಲ್ಲಿ ಮಲಗಿದ ಮನುಷ್ಯನ ರಕ್ತನಾಳಕ್ಕೆ ನೇರವಾಗಿ ಹೋಗುವ ಔಷಧದ ರುಚಿಯನ್ನು ಮಾತ್ರ ಯಾರೂ ನೋಡುವುದಿಲ್ಲ. ನೋಡುವಂತಾದರೆ?

ಈ ಪ್ರಶ್ನೆ ಹುಟ್ಟಿದ್ದು ದೊಡ್ಡ ದೇಶದ ದೊಡ್ಡ ಪ್ರಯೋಗಾಲಯದಲ್ಲಲ್ಲ. ಗದಗಿನ ಬಸ್‌ಸ್ಟ್ಯಾಂಡಿನ ಹಿಂದೆ ಇರುವ ಕಸ್ತೂರಿಯ ಖಾನಾವಳಿಯಲ್ಲಿ, ರೊಟ್ಟಿಗೆ ಎಣ್ಣೆಗಾಯಿ ಹಚ್ಚಿಕೊಂಡು ಉಣ್ಣುತ್ತಿದ್ದ ಇಸ್ಮಾಯಿಲ್ ನದಾಫನ ತಲೆಯಲ್ಲಿ. ಅವನು ಊರಿನ ಟ್ರಸ್ಟ್ ಆಸ್ಪತ್ರೆಯೊಂದರಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಇಂಜಿನಿಯರ್. ಕೆಟ್ಟ ಮಾನಿಟರ್, ಉಸಿರು ಕಟ್ಟಿದ ವೆಂಟಿಲೇಟರ್ ಎಲ್ಲವೂ ಅವನ ವರ್ಕ್‌ಶಾಪಿಗೆ ಬಂದು ಬದುಕಿ ಹೋಗುತ್ತಿದ್ದವು. ಒಲೆಯ ಮುಂದೆ ನಿಂತ ಕಸ್ತೂರಿ ಅಂಗೈ ನೆಕ್ಕಿದ್ದನ್ನು ನೋಡಿದ. ತುತ್ತು ಬಾಯಲ್ಲೇ ಉಳಿಯಿತು. ಎರಡು ವರ್ಷದ ನಂತರ ಹೆಬ್ಬೆರಳಿನಷ್ಟು ದಪ್ಪದ ಒಂದು ಡಬ್ಬಿಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ಅರಿವಳಿಕೆ ವಿಭಾಗದ ಮುಖ್ಯಸ್ಥೆ ಡಾ. ನೀಲಾಂಬಿಕಾ ಅಬ್ಬಿಗೇರಿಯ ಮುಂದೆ ಬಂದು ನಿಂತ.

"ಏನ ಇದು?"

"ನಾಲಿಗಿ ಅಂತ ಹೆಸರಿಟ್ಟೀನ್ರಿ, ಮೇಡಂ."

"ಈ ಆಸ್ಪತ್ರಿಯೊಳಗ ಇದ್ದ ನಾಲಿಗಿಗೇ ಸಾಕಾಗಿ ಹೋಗೇತಿ. ಮತ್ತೊಂದು ತಂದ್ಯಾ?" ಎಂದಳು ನೀಲಾಂಬಿಕಾ. ಆದರೂ ಡಬ್ಬಿಯನ್ನು ಕೈಗೆ ತೆಗೆದುಕೊಂಡಳು.

ಇಸ್ಮಾಯಿಲ್ ವಿವರಿಸಿದ. ರೋಗಿಯ ಕೈಗೆ ಹೋಗುವ ಸಲೈನ್ ಕೊಳವೆಯ ಮೇಲೆ ಈ ಡಬ್ಬಿ ಕೂಡುತ್ತದೆ. ಸಿರಿಂಜಿನಿಂದ ತಳ್ಳಿದ ಔಷಧ ಮೊದಲು ಇದರೊಳಗಿನ ಸಣ್ಣ ಗಾಜಿನ ಹಾದಿಯನ್ನು ದಾಟಬೇಕು. ಅಲ್ಲಿ ಹತ್ತಾರು ಬಣ್ಣದ ಬೆಳಕು ಅದರ ಮೂಲಕ ಹಾಯುತ್ತದೆ. ಕಣ್ಣಿಗೆ ಎಲ್ಲ ಔಷಧವೂ ನೀರಿನ ಹಾಗೇ ಕಂಡರೂ ಒಂದೊಂದೂ ಒಂದೊಂದು ಬಣ್ಣವನ್ನು ಕುಡಿಯುತ್ತದೆ, ಉಳಿದುದನ್ನು ಬಿಡುತ್ತದೆ. ಬಿಟ್ಟದ್ದರಿಂದ ಡಬ್ಬಿಗೆ ಗುರುತು ಸಿಗುತ್ತದೆ. ಇನ್ನು ಅದಕ್ಕೊಂದು ಕಿವಿಯೂ ಉಂಟು. ವೈದ್ಯರು ತಾವು ಕೊಡುವ ಔಷಧದ ಹೆಸರನ್ನು ಬಾಯಿಬಿಟ್ಟು ಹೇಳಿ ತಳ್ಳಬೇಕು. ಹೇಳಿದ್ದೂ ಇದ್ದದ್ದೂ ಒಂದೇ ಆಗಿದ್ದರೆ ಬಾಗಿಲು ತೆರೆದೇ ಇರುತ್ತದೆ. ಬೇರೆಯಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಚ್ಚಿಕೊಂಡು, ಹಾಗೆಂದು ಹೇಳುತ್ತದೆ.

"ಅಂದ್ರ ನನಗ ಬುದ್ಧಿ ಹೇಳತೈತಿ?"

"ಇಲ್ರೀ. ಯಾವ ಔಷಧ ಕೊಡಬೇಕು ಅನ್ನೂದು ಅದಕ್ಕ ಗೊತ್ತಿಲ್ಲ. ನೀವು ಅಂದದ್ದು ಬ್ಯಾರೆ, ನಿಮ್ಮ ಕೈಯಾಗ ಇರೂದು ಬ್ಯಾರೆ ಅಂತಷ್ಟ ಹೇಳತೈತಿ. ಇರೂದನ್ನ ಕೊಡಬೇಕಂದ್ರ ಅದರ ಹೆಸರು ಹೇಳ್ರಿ, ಬಿಡತೈತಿ."

ಡಬ್ಬಿಗೂ ರೋಗಿಯ ಕೈಗೂ ನಡುವೆ ಕೊಳವೆಗೆ ಇನ್ನೊಂದು ಬಾಯಿ ಇತ್ತು. ಅದನ್ನು ಎಲ್ಲರೂ ಕೆಳಮೂತಿ ಎನ್ನುತ್ತಿದ್ದರು. ಹೃದಯ ನಿಂತಾಗ ಹೆಸರು ಹೇಳುತ್ತ ಕೂರುವುದಕ್ಕೆ ಹೊತ್ತಿರುವುದಿಲ್ಲ, ಆಗ ನೇರವಾಗಿ ಅಲ್ಲಿಂದಲೇ ಕೊಡಬೇಕು. ಅದನ್ನು ಮುಚ್ಚುವ ಹಾಗಿಲ್ಲ ಎಂದು ನೀಲಾಂಬಿಕಾ ಮೊದಲೇ ಹೇಳಿದಳು. ಇಸ್ಮಾಯಿಲ್ ಒಪ್ಪಿದ.

ಈಗ ನೀಲಾಂಬಿಕಾಳ ವಿಷಯ ಹೇಳಬೇಕು. ಮೂವತ್ತು ವರ್ಷದಿಂದ ಆಕೆ ಜನರನ್ನು ಮಲಗಿಸಿ ಎಬ್ಬಿಸುತ್ತಿದ್ದಾಳೆ. ಮುಂಡರಗಿ, ರೋಣ, ನರಗುಂದದ ಕಡೆಯಿಂದ ಬಂದವರು ಸರ್ಜನ್ ಯಾರೆಂದು ಕೇಳುತ್ತಿರಲಿಲ್ಲ, "ನೀಲವ್ವ ಡಾಕ್ಟರು ಇದ್ದಾರಲ್ಲ?" ಎಂದು ಕೇಳುತ್ತಿದ್ದರು. ಆ ಹೆಸರು ಆಕೆಯ ಆಸ್ತಿ. ಮದುವೆ ಮಾಡಿಕೊಳ್ಳಲಿಲ್ಲ, ಮನೆ ಕಟ್ಟಿಸಲಿಲ್ಲ. ಖಾನಾವಳಿಯ ಮೇಲಿನ ಎರಡು ಕೋಣೆಯಲ್ಲಿ ತಂಗಿ ಕಸ್ತೂರಿಯ ಜೊತೆ ಇದ್ದಳು. ಕೈಯ ಕೆಳಗೆ ಕಲಿತ ಹುಡುಗರಿಗೆಲ್ಲ ಆಕೆ ಒಂದು ಪದ್ಧತಿಯನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸಿದ್ದಳು: ಸಣ್ಣ ಸಿರಿಂಜಿನಲ್ಲಿ ಮನಸ್ಸು ಸಮಾಧಾನ ಮಾಡುವ ಔಷಧ, ನಡುವಿನದರಲ್ಲಿ ಸ್ನಾಯು ಸಡಿಲಿಸುವುದು, ದೊಡ್ಡದರಲ್ಲಿ ನಿದ್ದೆಯದು. ಗಡಿಬಿಡಿಯಲ್ಲಿ ಕೈಗೇ ಗೊತ್ತಾಗಬೇಕು, ಕಣ್ಣಿಗೆ ಬೇರೆ ಕೆಲಸವಿದೆ ಎನ್ನುತ್ತಿದ್ದಳು. ಆ ಆಸ್ಪತ್ರೆಯಲ್ಲಿ ಸಿರಿಂಜಿಗೆ ಔಷಧದ ಹೆಸರಿನ ಚೀಟಿ ಅಂಟಿಸುತ್ತಿದ್ದರು ನಿಜ, ಓದುವವರು ಕಡಿಮೆ.

ನಾಲಿಗೆ ಕೆಲಸ ಶುರುಮಾಡಿತು. ಅಲ್ಲಿಯವರೆಗೆ ಔಷಧದ ತಪ್ಪು ಎಷ್ಟಾಗುತ್ತದೆ ಎಂದು ಕೇಳಿದರೆ ಎಲ್ಲರೂ "ವರ್ಷಕ್ಕೊಂದು, ಹೆಚ್ಚಂದ್ರ ಎರಡು" ಎನ್ನುತ್ತಿದ್ದರು. ತಪ್ಪು ಬರೆದು ಹಾಕಲೆಂದು ಗೋಡೆಗೆ ಹಾಕಿದ ಪೆಟ್ಟಿಗೆಯಲ್ಲಿ ಜೇಡ ಸಂಸಾರ ಹೂಡಿತ್ತು. ನಾಲಿಗೆ ಮೊದಲ ವಾರದಲ್ಲೇ ಅದಕ್ಕಿಂತ ಹೆಚ್ಚು ಹಿಡಿಯಿತು. ಹಿಡಿದದ್ದನ್ನು ತಡೆಯಿತು, ಎಣಿಸಿತು, ಆದರೆ ಯಾರ ಕೈ ಎಂದು ಬರೆದುಕೊಳ್ಳಲಿಲ್ಲ. ಇಸ್ಮಾಯಿಲ್ ಬೇಕೆಂದೇ ಅದಕ್ಕೆ ಹೆಸರು ಕಲಿಸಿರಲಿಲ್ಲ. ಯಾವ ಔಷಧದ ಜಾಗದಲ್ಲಿ ಯಾವುದು ಬಂತು, ಆಪರೇಷನ್ನಿನ ಯಾವ ಹಂತದಲ್ಲಿ ಬಂತು, ಅಷ್ಟೇ ಅದಕ್ಕೆ ಬೇಕಾಗಿತ್ತು. ವೈದ್ಯರು ಮೊದಮೊದಲು ಬೆಚ್ಚಿಬಿದ್ದರು, ಆಮೇಲೆ ನಕ್ಕರು, ಆಮೇಲೆ ಒಬ್ಬರಿಗೊಬ್ಬರು ಹೇಳಿಕೊಳ್ಳತೊಡಗಿದರು. "ಇವತ್ತ ನನ್ನ ಕೈ ಹಿಡೀತಪಾ ಅದು" ಎನ್ನುವ ಮಾತು ಚಹಾದ ಹೊತ್ತಿನಲ್ಲಿ ಸಾಮಾನ್ಯವಾಯಿತು.

ಒಂದು ಮಧ್ಯಾಹ್ನ ಇಸ್ಮಾಯಿಲ್ ನೀಲಾಂಬಿಕಾಳನ್ನು ವರ್ಕ್‌ಶಾಪಿಗೆ ಕರೆದ. ಸ್ಟೂಲಿನ ಮೇಲಿನ ಧೂಳು ಒರೆಸಿ ಕೂರಿಸಿದ.

"ಮೇಡಂ, ತಪ್ಪೆಲ್ಲ ಒಂದ ನಮೂನಿ ಅದಾವ್ರಿ. ಸಣ್ಣ ಸಿರಿಂಜು ಕಂಡ್ರ ಸಾಕು, ಕೈ ಹೋಗಿಬಿಡತೈತಿ. ಸ್ಟೋರಿನ್ಯಾಗ ಒಂದು ಅಳತೀದು ಖಾಲಿ ಆತು ಅಂದ್ರ ಬ್ಯಾರೆ ಅಳತೀದ್ರಾಗ ತುಂಬ್ತಾರ. ತುಂಬಿದ್ದು ತಲಿಗೆ ಗೊತ್ತಿರತೈತಿ, ಕೈಗೆ ಗೊತ್ತಿರೂದಿಲ್ಲ."

"ಆ ಪದ್ಧತಿ ನಾ ಕಲಿಸಿದ್ದು."

"ಗೊತ್ತೈತ್ರಿ."

"ನಿನ್ನ ಡಬ್ಬಿ ಹುಟ್ಟೂಕಿಂತ ಮೊದ್ಲ ಸಾವಿರಾರು ಮಂದೀನ ಮಲಗಿಸಿ ಎಬ್ಬಿಸೀನಿ ನಾನು. ಒಬ್ಬರರ ಏಳದ ಉಳದಾರೇನು?"

ನೀಲಾಂಬಿಕಾಳಿಗೆ ಸಿಟ್ಟು ಬಂದಿತ್ತು, ಸಿಟ್ಟಿನ ಅಡಿಯಲ್ಲಿ ಹೆದರಿಕೆಯೂ ಇತ್ತು. ಧಡಧಡನೆ ಎದ್ದು ಹೋದಳು.

ಅಷ್ಟರಲ್ಲಿ ಸುದ್ದಿ ಆಸ್ಪತ್ರೆಯ ನಿರ್ದೇಶಕ ಡಾ. ಹಿರೇಗೌಡರ ಕಿವಿಗೆ ಬಿತ್ತು. ಅವರು ಕೆಟ್ಟವರಲ್ಲ, ಆದರೆ ಶಿಸ್ತಿನ ಮನುಷ್ಯ. ಇಷ್ಟು ತಪ್ಪು ಆಗುತ್ತಿದ್ದರೆ ಮಾಡುವವರು ಯಾರೆಂದು ತಿಳಿಯಬೇಡವೇ ಎಂದರು. ಇಸ್ಮಾಯಿಲ್ ಬೇಡವೆಂದು ಕೈಮುಗಿದ. ನೌಕರಿ ಬೇಕೋ ಬೇಡವೋ ಎಂದು ಕೇಳಿದರು. ನಾಲಿಗೆಗೆ ದನಿಯ ಗುರುತು ಕಲಿಸಲಾಯಿತು. ಥಿಯೇಟರಿನ ಹೊರಗಿನ ಗೋಡೆಗೆ ಒಂದು ದೊಡ್ಡ ಡಿಜಿಟಲ್ ಬೋರ್ಡು ಬಂತು. ಯಾರ ಕೈಯಿಂದ ಎಷ್ಟು ತಪ್ಪು ಎಂದು ಹೋಗಿಬರುವವರೆಲ್ಲ ಓದಬಹುದಾಗಿತ್ತು.

ಹದಿನೈದು ದಿನದೊಳಗೆ ತಪ್ಪು ಸೊನ್ನೆಗೆ ಇಳಿಯಿತು. ಹಿರೇಗೌಡರು ಹಿಗ್ಗಿ ಹೀರೇಕಾಯಿಯಾದರು. ಪೇಢೆ ಹಂಚಿದರು. ನೀಲಾಂಬಿಕಾ ಮಾತ್ರ ತನ್ನ ಪೇಢೆಯನ್ನು ತಿನ್ನದೆ ಪಕ್ಕಕ್ಕಿಟ್ಟಳು. ಯಾಕೆಂದರೆ ಅದೇ ದಿನ ಬೆಳಿಗ್ಗೆ ಸಿರಿಂಜು ಹಿಡಿದ ಆಕೆಯ ಕೈ ತಾನಾಗಿ ನಾಲಿಗೆಯನ್ನು ಬಿಟ್ಟು ಕೆಳಮೂತಿಗೆ ಹೋಗಿತ್ತು. ತಪ್ಪೇನೂ ಆಗಿರಲಿಲ್ಲ. ಆಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅಷ್ಟೇ. ಪಕ್ಕದ ಥಿಯೇಟರಿಗೆ ಇಣುಕಿದಾಗ ಅಲ್ಲಿ ತನ್ನ ಮೆಚ್ಚಿನ ಶಿಷ್ಯ ಡಾ. ಸಮರ್ಥ ಕುಷ್ಟಗಿಯೂ ಕೆಳಮೂತಿಯಿಂದಲೇ ಕೊಡುತ್ತಿದ್ದ. ಇಬ್ಬರ ಕಣ್ಣೂ ಕೂಡಿದವು. ಇಬ್ಬರೂ ಕಳ್ಳರಂತೆ ಬೇರೆ ಕಡೆ ನೋಡಿದರು.

ಆ ವಾರವೇ ಕಸ್ತೂರಿಗೆ ಹೊಟ್ಟೆನೋವು ಬಂತು. ರೊಟ್ಟಿ ಬಡಿಯುತ್ತಿದ್ದವಳು ಅಲ್ಲೇ ಕುಸಿದು ಕುಳಿತಳು. ಪಿತ್ತಕೋಶದಲ್ಲಿ ಕಲ್ಲು, ಜೊತೆಗೆ ಸೋಂಕು. ಸೋಂಕು ಇಳಿಯಲಿ, ಆರು ವಾರ ಬಿಟ್ಟು ಆಪರೇಷನ್ ಮಾಡೋಣ ಎಂದರು ಸರ್ಜನ್. ಅರಿವಳಿಕೆ ವೈದ್ಯರಲ್ಲಿ ಒಂದು ಕಟ್ಟುಪಾಡಿದೆ. ಸ್ವಂತ ರಕ್ತಸಂಬಂಧಿಯನ್ನು ತಾವು ಮಲಗಿಸುವುದಿಲ್ಲ. ಮಮತೆ ಇದ್ದ ಕೈ ನಡುಗುತ್ತದೆ ಎಂದು ಹಿರಿಯರು ಮಾಡಿದ ನಿಯಮ ಅದು. ಹಾಗಾಗಿ ಕಸ್ತೂರಿಯನ್ನು ಮಲಗಿಸುವವನು ಸಮರ್ಥ. ಅವನ ಕೈ ಹೋಗುವುದು ಎಲ್ಲಿಗೆ ಎಂದು ನೀಲಾಂಬಿಕಾ ಕಣ್ಣಾರೆ ಕಂಡಿದ್ದಳು.

ತಂಗಿಯ ಹಾಸಿಗೆಯ ಪಕ್ಕ ಕುಳಿತು ಗಂಜಿ ಕುಡಿಸುವಾಗ ಆಕೆಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟಳು. ಕಸ್ತೂರಿ ಗಂಜಿಯ ಬಟ್ಟಲನ್ನು ಬದಿಗೆ ಸರಿಸಿದಳು.

"ನಮ್ಮ ಅಡಿಗಿ ಭಟ್ಟ ಇದ್ದನಲ್ಲ ಅಕ್ಕಾ, ಗೋಣೆಪ್ಪ. ಒಮ್ಮೆ ಸಾರು ಉಪ್ಪಾಗಿತ್ತು ಅಂತ ಗಿರಾಕಿ ಮುಂದ ಅವನ ಮಾನ ಕಳದೆ. ಆವಾಗಿಂದ ಆಂವ ನನಗ ರುಚಿ ತೋರಸೂದ ಬಿಟ್ಟ. ಕೇಳಿದ್ರ 'ಬರೋಬ್ಬರಿ ಐತ್ರಿ ಅಕ್ಕಾರ' ಅಂತಿದ್ದ. ಗಿರಾಕಿ ಮುಂದಿನ ಅಂಗಡಿಗೆ ಹೋದ್ರು."

"ಆಮ್ಯಾಲೆ ಏನ ಮಾಡಿದಿ?"

"ಏನ ಮಾಡೂದು? ಬೋರ್ಡಿನ ಮ್ಯಾಲೆ ಇರೂದು ನನ್ನ ಹೆಸರು, ಸಾರು ಕೆಟ್ರ ನಾ ಬೈಸಿಕೋತೀನಿ, ನೀ ತಂದು ತೋರಿಸು ಮಾರಾಯಾ ಅಂದೆ. ತಂದ." ಆಮೇಲೆ ಅಕ್ಕನ ಮುಖ ನೋಡಿ ಹೇಳಿದಳು, "ನನ್ನ ಆಪರೇಷನ್ನಿಗೆ ಇನ್ನೂ ದಿನ ಅದಾವ. ಅಷ್ಟರಾಗ ನಿಮ್ಮ ಅಡಿಗಿಮನಿ ನೆಟ್ಟಗ ಮಾಡಿಕೋರಿ."

ಮರುದಿನ ನೀಲಾಂಬಿಕಾ ನಿರ್ದೇಶಕರ ಕೋಣೆಗೆ ಹೋದಳು. ಇಸ್ಮಾಯಿಲ್‌ನನ್ನೂ ಕರೆದುಕೊಂಡು ಹೋದಳು.

"ಸರ್, ನಿಮ್ಮ ಸೊನ್ನಿ ಸುಳ್ಳು," ಎಂದಳು.

"ಯಂತ್ರ ಸುಳ್ಳು ಹೇಳತೈತೇನ್ರಿ?"

"ಬಿಪಿ ಪಟ್ಟಿ ಬಿಚ್ಚಿ ಟೇಬಲ್ ಮ್ಯಾಲೆ ಇಟ್ರ ಬಿಪಿ ಏರೂದಿಲ್ಲ. ಅಂದ್ರ ರೋಗಿ ಚಲೋ ಆದ ಅಂತೇನ್ರಿ? ನಾಲಿಗಿ ಮುಂದ ಯಾರೂ ಔಷಧ ಹಾಯಸವಲ್ರು. ಕೆಳಮೂತಿ ಹಿಡದಾರ. ನಾನೂ ಹಿಡದೀನಿ."

ಹಿರೇಗೌಡರು ಕನ್ನಡಕ ತೆಗೆದಿಟ್ಟರು. "ಹಂಗಂತ ಯಾರೂ ಹೊಣಿ ಇಲ್ಲ ಅಂದ್ರ ಹೆಂಗ, ಮೇಡಂ? ನಾಳೆ ಟ್ರಸ್ಟಿನವರು ಕೇಳಿದ್ರ ಯಾರ ಹೆಸರು ಹೇಳ್ಲಿ?" ಎಂದರು. ಅವರ ಪ್ರಶ್ನೆಯೂ ಸುಳ್ಳಾಗಿರಲಿಲ್ಲ.

"ನಂದು ಹೇಳ್ರಿ. ಬೋರ್ಡಿನ ಮ್ಯಾಲಿಂದ ಎಲ್ಲಾರ ಹೆಸರು ತಗೀರಿ. ನಂದೊಂದ ಇರ್ಲಿ. ಯಾರ ಕೈಲೆ ಆದ್ರೂ ನನ್ನ ಹೆಸರಿಗೆ ಬೀಳ್ಲಿ. ವಿಭಾಗ ನಂದು."

ಇಸ್ಮಾಯಿಲ್ ತಲೆ ಎತ್ತಿ ಆಕೆಯನ್ನು ನೋಡಿದ. ಊರಿಗೂರೇ ಹೊಗಳುವ ಆ ಹೆಸರಿಗೆ ಈಕೆ ಮೂವತ್ತು ವರ್ಷ ಕಾವಲು ಕುಳಿತದ್ದನ್ನು ಅವನು ಬಲ್ಲ. ಅದನ್ನು ಹೀಗೆ ಮೇಜಿನ ಮೇಲೆ ಇಟ್ಟುಬಿಟ್ಟಳಲ್ಲ ಎಂದು ಅವನಿಗೆ ಕಣ್ಣು ತುಂಬಿತು. ಹಿರೇಗೌಡರು ಒಪ್ಪಿದರು. ಹೊರಗೆ ಬಂದ ಮೇಲೆ ಇಸ್ಮಾಯಿಲ್ ಹೇಳಿದ, "ಮೇಡಂ, ಇಂಥಾದ್ದು ನಾ ನೋಡಿರಲಿಲ್ರಿ."

"ಹೊಗಳಬ್ಯಾಡ. ಮೊದ್ಲ ಆ ದನಿ ಗುರುತು ತಗದು ಒಗಿ," ಎಂದಳು ನೀಲಾಂಬಿಕಾ.

ಮುಂದಿನ ವಾರಗಳು ಆಕೆಗೆ ಸುಲಭವಾಗಿರಲಿಲ್ಲ. ಬೋರ್ಡಿನ ಮೇಲೆ ಒಂದೇ ಹೆಸರು, ಅದರ ಮುಂದೆ ದಿನದಿನವೂ ಏರುವ ಅಂಕಿ. ವೈದ್ಯರು ಒಬ್ಬೊಬ್ಬರಾಗಿ ಕೆಳಮೂತಿ ಬಿಟ್ಟು ನಾಲಿಗೆಗೆ ಮರಳಿದ್ದಕ್ಕೆ ಅದು ಸಾಕ್ಷಿ. ವಿಭಾಗದೊಳಗಿನವರಿಗೆ ಅದು ಗೊತ್ತು. ಹೊರಗಿನವರಿಗೆ ಹೇಗೆ ಗೊತ್ತಾಗಬೇಕು? ರೋಣದ ಕಡೆಯ ಒಂದು ಮನೆತನ, ಆ ಮನೆಯ ಮೂವರನ್ನು ಆಕೆ ಮಲಗಿಸಿ ಎಬ್ಬಿಸಿದ್ದಳು, ಬೋರ್ಡು ನೋಡಿ ಗುಸುಗುಸು ಮಾತಾಡಿಕೊಂಡು "ಬ್ಯಾರೆ ಡಾಕ್ಟರನ್ನ ಕೊಡ್ರಿ" ಎಂದು ಕೇಳಿತು. ನೀಲಾಂಬಿಕಾ ಆಗಲಿ ಎಂದು ತಲೆಯಾಡಿಸಿ, ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಹೆಸರು ಎಂದರೆ ಹೆಸರೇ, ಅದು ಹೋದರೆ ನೋಯುತ್ತದೆ. ನೋಯುವುದಿಲ್ಲ ಎನ್ನುವವರು ಹೆಸರು ಗಳಿಸಿರುವುದಿಲ್ಲ.

ಆದರೆ ಅಳತೆ ನಿಜವಾದ ಮೇಲೆ ಮದ್ದೂ ಸಿಕ್ಕಿತು. ಯಾವ ಹಂತದಲ್ಲಿ ಕೈ ಜಾರುತ್ತದೆ ಎಂದು ತಿಳಿಯಿತು. ಒಂದೇ ಬಣ್ಣದ ಬಾಟಲಿಗಳನ್ನು ಬೇರೆ ಬೇರೆ ಖಾನೆಗೆ ಹಾಕಿದರು. ಔಷಧ ತುಂಬುವವರನ್ನು ಯಾರೂ ಮಾತಾಡಿಸಬಾರದು ಎಂದು ಗೊತ್ತುಮಾಡಿದರು. ಏರಿದ ಅಂಕಿ ಮೆಲ್ಲಗೆ ಇಳಿಯತೊಡಗಿತು, ಈ ಸಲ ಪ್ರಾಮಾಣಿಕವಾಗಿ. ಒಂದು ವಿಷಯಕ್ಕೆ ಮಾತ್ರ ನೀಲಾಂಬಿಕಾ ಕೈ ಹಚ್ಚಲಿಲ್ಲ. ಸಿರಿಂಜಿನ ಅಳತೆಯ ಪದ್ಧತಿ ಹಾಗೆಯೇ ಉಳಿಯಿತು. ಇಸ್ಮಾಯಿಲ್ ಎರಡು ಸಲ ಬಾಯಿ ತೆರೆದ, ಎರಡು ಸಲವೂ ಆಕೆಯ ಮುಖ ನೋಡಿ ಮುಚ್ಚಿದ.

ಕಸ್ತೂರಿಯ ಆಪರೇಷನ್ನಿನ ದಿನ ನೀಲಾಂಬಿಕಾ ಥಿಯೇಟರಿನೊಳಗೆ ವೈದ್ಯೆಯಾಗಿ ಬರಲಿಲ್ಲ, ಅಕ್ಕನಾಗಿ ಬಂದಳು. ತಂಗಿಯ ತಲೆಯ ಹತ್ತಿರ ನಿಂತು ಅವಳ ಕೈ ಹಿಡಿದುಕೊಂಡಳು. ಕಸ್ತೂರಿ ಮೇಲಿನ ದೀಪ ನೋಡುತ್ತ, "ಇಷ್ಟು ದೊಡ್ಡ ದೀಪ ನನ್ನ ಖಾನಾವಳಿಗೆ ಇದ್ದಿದ್ರ ರೊಟ್ಟಿಯೊಳಗ ಒಂದು ಹರಳು ಉಳೀತಿರಲಿಲ್ಲ ನೋಡು" ಎಂದಳು. ಅಕ್ಕನ ಕೈಯನ್ನು ಮಾತ್ರ ಬಿಡಲಿಲ್ಲ.

"ಹೆದರಬ್ಯಾಡ್ರಿ ಅಕ್ಕಾರ, ಮೊದ್ಲ ಸಮಾಧಾನ ಆಗೂದಕ್ಕ ಒಂದು ಔಷಧ ಕೊಡ್ತೀನಿ," ಎಂದ ಸಮರ್ಥ.

ಅವನು ಟ್ರೇಯಿಂದ ಸಣ್ಣ ಸಿರಿಂಜನ್ನು ಎತ್ತಿಕೊಂಡ. ನೀಲಾಂಬಿಕಾ ಅವನ ಕೈಯನ್ನೇ ನೋಡುತ್ತಿದ್ದಳು. ಕೈ ಕೊಳವೆಯ ಗುಂಟ ಹೋಗಿ ಕೆಳಮೂತಿಯ ಹತ್ತಿರ ನಿಂತಿತು. ಅವನ ಮನಸ್ಸಿನಲ್ಲಿ ಏನು ನಡೆಯುತ್ತಿದೆ ಎಂದು ಆಕೆಗೆ ಪುಸ್ತಕ ಓದಿದಷ್ಟು ಸ್ಪಷ್ಟವಾಗಿ ತಿಳಿಯಿತು. ಗುರುವಿನ ಎದುರು, ಗುರುವಿನ ತಂಗಿಯ ಮೇಲೆ, ಅಕಸ್ಮಾತ್ ಏನಾದರೂ ಹೆಚ್ಚುಕಮ್ಮಿಯಾದರೆ ಗುರುವಿನ ಹೆಸರಿಗೇ ಇನ್ನೊಂದು ತಪ್ಪು. ಅದಕ್ಕಿಂತ ಸುಮ್ಮನೆ ಕೆಳಗಿನಿಂದ ಕೊಟ್ಟುಬಿಟ್ಟರಾಯಿತು. ನೀಲಾಂಬಿಕಾಳ ನಾಲಿಗೆಯ ತುದಿಗೆ ಮಾತು ಬಂದಿತ್ತು. ಹೇಳಲಿಲ್ಲ. ತಾನಿಲ್ಲದಾಗಲೂ ಈ ಕೈ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗಬೇಕು, ಇಲ್ಲವಾದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ ಮಾಡಿದಂತೆ. ತಂಗಿಯ ಬೆರಳುಗಳನ್ನು ಗಟ್ಟಿಯಾಗಿ ಹಿಡಿದು ನಿಂತಳು.

ಸಮರ್ಥನ ಕೈ ಮೇಲಕ್ಕೆ ಸರಿಯಿತು. ಸಿರಿಂಜನ್ನು ನಾಲಿಗೆಗೆ ಜೋಡಿಸಿ, "ಮಿಡಾಜೋಲಾಮ್" ಎಂದು ಹೇಳಿ ತಳ್ಳಿದ.

ಟಕ್ ಎಂದು ಬಾಗಿಲು ಮುಚ್ಚಿತು. "ಹೇಳಿದ್ದು ಮಿಡಾಜೋಲಾಮ್. ಇರುವುದು ವೆಕ್ಯುರೋನಿಯಂ," ಎಂದಿತು ನಾಲಿಗೆ, ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿನ ಹೆಸರು ಹೇಳುವಷ್ಟು ನಿರ್ವಿಕಾರವಾಗಿ.

ವೆಕ್ಯುರೋನಿಯಂ ಎಂದರೆ ಸ್ನಾಯು ಸಡಿಲಿಸುವ ಔಷಧ. ಎಚ್ಚರವಿದ್ದವರ ಮೈಗೆ ಅದು ಹೋದರೆ ಕಣ್ಣಿನ ರೆಪ್ಪೆಯೂ ಅಲ್ಲಾಡುವುದಿಲ್ಲ, ಎದೆ ಉಸಿರೆಳೆಯುವುದಿಲ್ಲ. ಬುದ್ಧಿ ಮಾತ್ರ ಪೂರ್ತಿ ಎಚ್ಚರವಾಗಿದ್ದು ಎಲ್ಲವನ್ನೂ ಅನುಭವಿಸುತ್ತದೆ, ಕೂಗಲು ಬಾಯಿ ಬರುವುದಿಲ್ಲ. ಕೆಳಮೂತಿಯಿಂದ ಹೋಗಿದ್ದರೆ ಇಷ್ಟೊತ್ತಿಗೆ ಕಸ್ತೂರಿ ಆ ನರಕದಲ್ಲಿರುತ್ತಿದ್ದಳು. ಬೆಳಿಗ್ಗೆ ಸ್ಟೋರಿನಲ್ಲಿ ನಡುವಿನ ಅಳತೆಯ ಸಿರಿಂಜು ಮುಗಿದಿತ್ತು. ಸಮರ್ಥ ತಾನೇ ಆ ಔಷಧವನ್ನು ಸಣ್ಣದರಲ್ಲಿ ತುಂಬಿ, ತಾನೇ ಚೀಟಿ ಅಂಟಿಸಿ, ಓದದೆ ಎತ್ತಿಕೊಂಡಿದ್ದ. ಕಲಿಸಿದ ಮಗ್ಗಿ ಕೈಯಲ್ಲಿ ಅಷ್ಟು ಗಟ್ಟಿಯಾಗಿ ಕೂತಿತ್ತು.

ಸಮರ್ಥನ ಮುಖ ಬೂದಿಯಾಯಿತು. "ತಪ್ಪಾತ್ರಿ," ಎಂದ, ಎಲ್ಲರಿಗೂ ಕೇಳುವ ಹಾಗೆ. ಕೊಳವೆಯನ್ನೂ ನಾಲಿಗೆಯನ್ನೂ ಬದಲಾಯಿಸಿದ. ಬೇರೆ ಸಿರಿಂಜು ತೆಗೆದುಕೊಂಡು ಚೀಟಿಯನ್ನು ಬಾಯಿಬಿಟ್ಟು ಓದಿದ, ಪಕ್ಕದ ಸಿಸ್ಟರ್‌ಗೆ ತೋರಿಸಿ ಅವರಿಂದಲೂ ಓದಿಸಿದ. ಈ ಸಲ ಬಾಗಿಲು ಮುಚ್ಚಲಿಲ್ಲ. ಕಸ್ತೂರಿಯ ಹಿಡಿತ ನಿಧಾನವಾಗಿ ಸಡಿಲವಾಯಿತು. ನೀಲಾಂಬಿಕಾ ಹೊರಗೆ ಬಂದು ಗೋಡೆಗೆ ಒರಗಿದಳು. ಹುಡುಗನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನೂರು ಸಲ ಸರಿಯಾಗಿ ಕೊಟ್ಟವರನ್ನು ಆಕೆ ಕಂಡಿದ್ದಳು, ತಪ್ಪು ಹಿಡಿಯುವ ಕಡೆಗೆ ತಾನಾಗಿ ಕೈ ಒಯ್ದವನನ್ನು ಕಂಡಿರಲಿಲ್ಲ. ಅವನ ಬಗ್ಗೆ ಹೆಮ್ಮೆಯೆನಿಸಿತು. ತನ್ನ ಮಗ್ಗಿಯ ಬಗ್ಗೆ ಮೊದಲ ಸಲ ನಾಚಿಕೆಯಾಯಿತು.

ಮಧ್ಯಾಹ್ನ ಕಸ್ತೂರಿ ಕಣ್ಣು ಬಿಟ್ಟಳು. ಅಕ್ಕ ಒಂದು ಬದಿಗೆ, ಸಮರ್ಥ ಇನ್ನೊಂದು ಬದಿಗೆ ನಿಂತಿದ್ದರು.

"ಮುಗೀತೇನ?" ಎಂದಳು ತೊದಲುತ್ತ. "ಆ ಡಬ್ಬಿ ಏನೋ ಅಂತಲ್ಲ... ಏನರ ತಪ್ಪಾಗಿತ್ತೇನ?"

ಮೊದಲಾಗಿದ್ದರೆ ಇದಕ್ಕೆ ಉತ್ತರ ಒಂದೇ: ಏನೂ ಇಲ್ಲ, ಸುಮ್ಮನೆ ಮಲಗು. ನೀಲಾಂಬಿಕಾ ತಂಗಿಯ ಹಣೆಯ ಮೇಲಿನ ಕೂದಲು ಸರಿಸಿದಳು.

"ಆಗಿತ್ತವಾ. ಭಾಳ ದೊಡ್ಡದು. ನಿನ್ನ ಮೈಗೆ ಹೋಗೂಕಿಂತ ಮೊದ್ಲ ಸಿಕ್ತು."

"ಯಾರ್ದು ತಪ್ಪು?"

"ನಂದು," ಎಂದಳು ನೀಲಾಂಬಿಕಾ. ಈ ಸಲ ಬೋರ್ಡಿಗಾಗಿ ಹೇಳಿದ ಮಾತಾಗಿರಲಿಲ್ಲ ಅದು.

"ಅಲ್ರೀ ಅಕ್ಕಾರ, ನಂದು," ಎಂದ ಸಮರ್ಥ. ಬಾಗಿ ಕಸ್ತೂರಿಯ ಕಣ್ಣಿಗೆ ಕಣ್ಣಿಟ್ಟು ಹೇಳಿದ, "ಸಿರಿಂಜು ಎತ್ತಿದ ಕೈ ನಂದು."

ಕಸ್ತೂರಿ ಇಬ್ಬರನ್ನೂ ಒಮ್ಮೆ ನೋಡಿದಳು. ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಂಡಳು.

"ನೀವಿಬ್ರೂ ಆಮ್ಯಾಲೆ ಜಗಳಾಡ್ರಿ. ಜೀವಂತ ಅದೀನಲ್ಲ, ನನಗೊಂದು ಕಪ್ ಚಾ ಕೊಡ್ರಿ ಮೊದ್ಲ."

"ಈಗ ಚಾ ಕುಡಿಯೂ ಹಂಗಿಲ್ಲ," ಎಂದರು ಇಬ್ಬರೂ ಒಟ್ಟಿಗೇ.